ಕರ್ಟಿಸಣ್ಣನ ಚೆಂಡಿಗೆ ಕುಂಕುಮ

ಹಳೆಯ ಚರ್ಮಕ್ಕೆ ಒದ್ದೆ ಬಟ್ಟೆ ತಗುಲಿದಾಗ ಒಂದು ವಾಸನೆ ಏಳುತ್ತದೆ. ಹೊಸ ಚಪ್ಪಲಿಯದ್ದಲ್ಲ, ಶಾಲೆಯ ಚೀಲದ್ದೂ ಅಲ್ಲ, ಅವೆರಡರ ನಡುವಿನದು. ಪರದೇಶದ ಊರಾದ ಸುಬಾಂಗ್ ಜಯಾದ ನಮ್ಮ ಹನ್ನೊಂದನೆಯ ಮಹಡಿಯ ಫ್ಲಾಟಿನಲ್ಲಿ ಅದು ವರ್ಷಕ್ಕೊಮ್ಮೆ ಏಳುತ್ತದೆ, ಆಯುಧಪೂಜೆಯ ಬೆಳಿಗ್ಗೆ. ದೇವರ ಮುಂದೆ ಮಿಕ್ಸಿ, ಕಾರಿನ ಕೀಲಿ, ಹೆಂಡತಿ ಶೈಲಾಳ ಹೊಲಿಗೆ ಯಂತ್ರ, ನನ್ನ ಲ್ಯಾಪ್‌ಟಾಪ್, ಮಗಳು ಸಿರಿಯ ಕ್ಯಾಲ್ಕ್ಯುಲೇಟರ್ ಎಲ್ಲ ಸಾಲಾಗಿ ಕೂತ ಮೇಲೆ ಕೊನೆಗೊಂದು ಕಂದು ಬಣ್ಣದ ಚೆಂಡು ಬರುತ್ತದೆ. ಅದು ಗುಂಡಗಿಲ್ಲ. ಎರಡು ತುದಿ ಚೂಪು, ನಡುವೆ ಉಬ್ಬು, ಬೆನ್ನ ಮೇಲೆ ಬಿಳಿ ದಾರದ ಹೊಲಿಗೆ. ನಿಲ್ಲಿಸಿದರೆ ಉರುಳುತ್ತದೆ. ಆಚೆ ಈಚೆ ನಿಂಬೆಹಣ್ಣು ಒತ್ತುಕೊಟ್ಟು ಕೂರಿಸಬೇಕು.

ಈ ಸಲ ನಾನು ಅದನ್ನು ಒರೆಸುತ್ತಿದ್ದಾಗ ಸಿರಿ ಕುಂಕುಮದ ಬಟ್ಟಲು ಹಿಡಿದು ಎದುರು ಕೂತಳು. ಹದಿಮೂರು ವರ್ಷ ಅವಳಿಗೆ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಪ್ಪಾ, ಟುಮಾರೋ ವಿ ಆರ್ ಆಕ್ಚುಲಿ ಥ್ರೋಯಿಂಗ್ ಇಟ್, ಓಕೆ? ನೋ ಮೋರ್ ಬ್ಲಫಿಂಗ್ ಅಂಕಲ್ ಕರ್ಟಿಸ್ ಲಾ."

ನಾನು ಆಗಲೇ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸತೊಡಗಿದೆ. ಮೂರು ವರ್ಷದಿಂದ ಹೇಳಿಕೊಂಡು ಬಂದ ಸುಳ್ಳು ಅದು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಯಾವ ಸುಳ್ಳು ಎಂದು ನೀವು ಕೇಳುವ ಮೊದಲು ಕರ್ಟಿಸಣ್ಣ ಯಾರೆಂದು ಹೇಳಿಬಿಡುತ್ತೇನೆ.

ಅಣ್ಣ ಎಂದು ಸೇರಿಸಿದವಳು ಶೈಲಾ. ನಮ್ಮ ಎದುರು ಫ್ಲಾಟಿಗೆ ಬಂದ ಆ ಅಮೆರಿಕನ್ ಗೃಹಸ್ಥರ ಹೆಂಡತಿ ಪುಷ್ಪಾ ಇಲ್ಲಿನ ತಮಿಳರ ಹುಡುಗಿ, ನರ್ಸು. ಅವರು ಬಂದ ಮೂರನೆಯ ದಿನವೇ ನಮ್ಮ ಫ್ರಿಜ್ಜು ಕೆಟ್ಟಿತು. ಹೊಸ ಫ್ರಿಜ್ಜು ತಂದವರು ಅದನ್ನು ಲಿಫ್ಟಿನ ಬಾಗಿಲಲ್ಲೇ ಇಳಿಸಿ ಹೊರಟುಹೋದರು. ನಾನು ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದೆ. ಎದುರು ಮನೆಯ ಬಾಗಿಲು ತೆರೆಯಿತು, ಬಾಗಿಲಿನಷ್ಟೇ ಅಗಲದ ಒಬ್ಬರು ಹೊರಬಂದು, ನೀರಿನ ಬಿಂದಿಗೆ ಎತ್ತುವ ಹಾಗೆ ಫ್ರಿಜ್ಜನ್ನು ತಬ್ಬಿ ಎತ್ತಿ ಅಡುಗೆಮನೆಯಲ್ಲಿಟ್ಟು, "ಯಾವ ಕಡೆಗೆ ತಿರುಗಿಸಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನೀವು ಬೆನ್ನು ನೋವು ಅಂತ ಕೂತ್ಕೊಳಿ, ನಮ್ಮಣ್ಣ ಬಂದ್ರು" ಎಂದಳು ಶೈಲಾ. ಅಂದಿನಿಂದ ಅವರು ಕರ್ಟಿಸಣ್ಣ.

ಅವರ ಕೈ ನೀವು ನೋಡಬೇಕಿತ್ತು. ಬೆರಳುಗಳು ಹಸಿ ಶುಂಠಿಯ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರೆ ಫುಟ್‌ಬಾಲ್ ಆಡುತ್ತಿದ್ದೆ ಎಂದರು. ನಾನು ಉತ್ಸಾಹದಿಂದ ವಿಶ್ವಕಪ್ಪಿನ ಮಾತು ತೆಗೆದೆ. ಅವರು ಪಾಪ ಹತ್ತು ನಿಮಿಷ ತಲೆಯಾಡಿಸಿ ಕೇಳಿ, ಆಮೇಲೆ ತಮ್ಮದು ಬೇರೆ ಫುಟ್‌ಬಾಲ್ ಎಂದರು. ಕೈಯಲ್ಲಿ ಹಿಡಿದು ಓಡುವುದು, ಒಬ್ಬರ ಮೇಲೊಬ್ಬರು ಬೀಳುವುದು, ಹೆಲ್ಮೆಟ್ ಹಾಕಿಕೊಂಡು. ಅದರಲ್ಲೂ ತಾವು ಓಡುವವರಲ್ಲ, ಹಿಡಿಯುವವರಲ್ಲ, ಒದೆಯುವವರೂ ಅಲ್ಲ. ಹಾಗಾದರೆ ಏನುಳಿಯಿತು ಎಂದು ನಾನು ಯೋಚಿಸುತ್ತಿದ್ದೆ.

ಅದನ್ನವರು ಮೂಲೆಯ ಮಾಮಕ್ ಚಹಾದಂಗಡಿಯಲ್ಲಿ ಪರೋಟದಂಥ ರೋಟಿ ಚನಾಯ್ ತಟ್ಟೆ, ಚಹಾದ ಲೋಟ ಇಟ್ಟು ವಿವರಿಸಿದರು. ಆಟದ ನಡುವೆ ಕೆಲವು ಸಲ ಚೆಂಡನ್ನು ಒದ್ದು ಎರಡು ಕಂಬದ ನಡುವೆ ದಾಟಿಸಿದರೆ ಅಂಕ. ಅದಕ್ಕೆ ಮೂವರು ಬೇಕು. ಒದೆಯುವವನು ಒಬ್ಬ. ಚೆಂಡನ್ನು ಹಿಡಿದು ನೆಲಕ್ಕೆ ನೆಟ್ಟಗೆ ನಿಲ್ಲಿಸಿಕೊಡುವವನು ಇನ್ನೊಬ್ಬ. ಇವರಿಬ್ಬರಿಗಿಂತ ಏಳೆಂಟು ಗಜ ಮುಂದೆ ಎದುರಾಳಿಗಳ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನಿಂತು, ಎರಡು ಕಾಲಿನ ನಡುವಿಂದ ಚೆಂಡನ್ನು ಹಿಂದಕ್ಕೆ ಎಸೆಯುವವನು ಮೂರನೆಯವನು. ಕರ್ಟಿಸಣ್ಣ ಆ ಮೂರನೆಯವರು. ಹನ್ನೊಂದು ವರ್ಷ ಅವರಿಗೆ ಅನ್ನ ಹಾಕಿದ್ದು ಆ ಒಂದೇ ಎಸೆತ. ತಂಡದ ಊಟ ಬೇರೆ, ವಿಮಾನ ಬೇರೆ, ಡಾಕ್ಟರು ಬೇರೆ. ದಿನಕ್ಕೆ ನೂರಾರು ಸಲ ಬಗ್ಗಿ ಎಸೆಯುವುದು, ಬೆರಳಿಗೆ ಟೇಪು ಸುತ್ತಿಕೊಂಡು ಮತ್ತೆ ಎಸೆಯುವುದು. ಇಷ್ಟೆಲ್ಲ ಮಾಡಿ ಆಟದಲ್ಲಿ ಕೆಲಸ ಬೀಳುವುದು ಹತ್ತು ಸಲವೋ ಹನ್ನೆರಡು ಸಲವೋ.

"ನನ್ನ ಕೆಲಸದಲ್ಲಿ ಒಂದೇ ನಿಯಮ. ಯಾರಿಗೂ ನನ್ನ ಹೆಸರು ಗೊತ್ತಿರಬಾರದು. ಹೆಸರು ಗೊತ್ತಾಯಿತೆಂದರೆ ಏನೋ ಕೆಟ್ಟಿದೆ ಅಂತ" ಎಂದರು. ನನಗೆ ಎದ್ದು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ನಾನು ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಬ್ಯಾಕಪ್ ನೋಡಿಕೊಳ್ಳುವವನು. ಹದಿನೈದು ವರ್ಷದ ನೌಕರಿಯಲ್ಲಿ ದೊಡ್ಡ ಮ್ಯಾನೇಜರು ನನ್ನನ್ನು ಹೆಸರು ಹಿಡಿದು ಕರೆದದ್ದು ಎರಡೇ ಸಲ, ಎರಡು ಸಲವೂ ಬ್ಯಾಕಪ್ ಕೆಟ್ಟಿತ್ತು.

ಇನ್ನೊಂದು ಮಾತು ಅವರು ಹೇಳಿದ್ದು ನನಗೆ ಮರೆಯುವುದೇ ಇಲ್ಲ. ಎಸೆದ ಮರುಕ್ಷಣವೇ ಎದುರಿನವರು ಬಂದು ಗುದ್ದುತ್ತಾರಂತೆ, ತಲೆಯೆತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಹನ್ನೊಂದು ವರ್ಷದಲ್ಲಿ ತಾವು ಎಸೆದ ಒಂದು ಚೆಂಡೂ ಕಂಬದ ನಡುವೆ ದಾಟಿದ್ದನ್ನು ಅವರು ಆಟದ ಹೊತ್ತಿನಲ್ಲಿ ಕಣ್ಣಾರೆ ನೋಡಿಲ್ಲ. ಕಿವಿಯಿಂದ ತಿಳಿಯುವುದು. "ನಮ್ಮೂರಲ್ಲಿ ಆಡಿದರೆ ಜನ ಕೂಗಬೇಕು. ಬೇರೆಯವರ ಊರಲ್ಲಾದರೆ ಸುಮ್ಮನಾಗಬೇಕು. ಹಾಗಾದರೆ ಚೆಂಡು ಸರಿಯಾಗಿ ಹೋಯಿತು ಅಂತ."

ಇಷ್ಟು ಹೇಳಿದವರು ಆಟ ಹೇಗೆ ಬಿಟ್ಟಿರಿ ಎಂಬ ಪ್ರಶ್ನೆಗೆ ಮಾತ್ರ ಇನ್ನೊಂದು ಚಹಾ ತರಿಸಿ ಮಾತು ಬದಲಿಸಿದರು. ಭುಜದ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದು, ಅಲ್ಲಿ ಪುಷ್ಪಾ ಸಿಕ್ಕಿದ್ದು, ಅವಳ ಹಿಂದೆ ಈ ದೇಶಕ್ಕೆ ಬಂದು ಕಾಲೇಜೊಂದರ ಜಿಮ್ಮಿನಲ್ಲಿ ಹುಡುಗರಿಗೆ ವ್ಯಾಯಾಮ ಹೇಳಿಕೊಡುತ್ತಿರುವುದು ಎಲ್ಲ ಹೇಳಿದರು. ನಾನೂ ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದರೇ ಚೆನ್ನಾಗಿತ್ತೇನೋ, ಮುಂದಿನ ಅನಾಹುತ ತಪ್ಪುತ್ತಿತ್ತು.

ನಮ್ಮ ಕನ್ನಡ ಸಂಘದ ಅಧ್ಯಕ್ಷರು ಪಾಟೀಲರು, ಹುಬ್ಬಳ್ಳಿಯವರು, ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕೆಲಸ. ಆ ವರ್ಷ ಗಣೇಶನ ಹಬ್ಬಕ್ಕೆ ಆಟೋಟದ ಬಹುಮಾನ ಹಂಚಲು ಮುಖ್ಯ ಅತಿಥಿ ಬೇಕಾಗಿತ್ತು. ನಾನು ಬಾಯಿ ತಪ್ಪಿ ಎದುರುಮನೆಯ ಸುದ್ದಿ ಹೇಳಿದೆ.

"ಏನ್ ಸರ ನೀವು! ಇಷ್ಟ್ ದೊಡ್ಡ ಆಟಗಾರ ನಿಮ್ಮ ಬಾಜೂ ಮನ್ಯಾಗ ಇದ್ರೂ ಒಂದ್ ಮಾತ್ ಹೇಳ್ಲಿಲ್ಲಲ್ಲ! ಅವರನ್ನ ಕರ್ಕೊಂಡ್ ಬರೂದು ನಿಮ್ಮ ಜವಾಬ್ದಾರಿ. ಪರಿಚಯಾನೂ ನೀವ ಮಾಡ್ರಿ" ಎಂದರು ಪಾಟೀಲರು.

ಅತಿಥಿಗಳ ಪರಿಚಯ ಎಂದರೆ ನಮ್ಮವರಲ್ಲಿ ಸಣ್ಣ ವಿಷಯವೇ? ಅತಿಥಿ ತಾನು ಯಾರೆಂದು ತಾನೇ ಮರೆಯುವಷ್ಟು ಹೊಗಳಬೇಕು. ನಾನು ಅವರ ಹೆಸರು ಹಾಕಿ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಹನ್ನೊಂದು ವರ್ಷ ಆಡಿದವರ ಬಗ್ಗೆ ಸಿಕ್ಕಿದ್ದು ಒಂದೇ ಒಂದು ವಿಡಿಯೊ, ಅರ್ಧ ನಿಮಿಷದ್ದು. ಮೇಲೆ ಅವರ ಹೆಸರು, ಪಕ್ಕದಲ್ಲಿ ಮರೆಯಲಾಗದ ಕ್ಷಣ ಎಂಬರ್ಥದ ಎರಡು ಇಂಗ್ಲಿಷ್ ಪದ. ಒತ್ತಿದೆ. ಮಳೆ ಬರುತ್ತಿದೆ. ಒಬ್ಬರು ಬಗ್ಗಿ ನಿಂತಿದ್ದಾರೆ, ಚೆಂಡು ಕಾಲಿನ ನಡುವಿಂದ ಚಿಮ್ಮಿ ಹಿಂದಿದ್ದವನ ತಲೆಯ ಮೇಲಿಂದ ಎಷ್ಟೋ ದೂರ ಹಾರುತ್ತದೆ. ಎಲ್ಲರೂ ಅದರ ಹಿಂದೆ ಓಡುತ್ತಾರೆ. ಇಡೀ ಕ್ರೀಡಾಂಗಣ ಎದ್ದು ನಿಂತು ಕುಣಿಯುತ್ತದೆ. ಕಾಮೆಂಟರಿಯವನು ಓ ಮೈ ಗಾಡ್ ಎಂದು ನಾಲ್ಕು ಸಲ ಕಿರುಚುತ್ತಾನೆ. ಸಿಕ್ಸರ್ ಹೊಡೆದಾಗ ನಮ್ಮವರೂ ಹಾಗೇ ಕಿರುಚುವುದಿಲ್ಲವೇ? ನನಗಂತೂ ಮೈ ಜುಮ್ಮೆಂದಿತು.

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಕರ್ಟಿಸಣ್ಣನಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಸಿಕ್ಕಿದ್ದರಲ್ಲಿ ದೊಡ್ಡ ಮೈಸೂರು ಪೇಟವನ್ನೇ ತಂದಿದ್ದರೂ ಅದು ಅವರ ತಲೆಯ ಮೇಲೆ ಒಂದು ಬಟ್ಟಲಿನ ಹಾಗೆ ಕೂತಿತ್ತು, ಅವರು ಕತ್ತು ಅಲ್ಲಾಡಿಸದೆ ಮದುಮಗನಂತೆ ಕುಳಿತಿದ್ದರು. ನಾನು ಏಳು ನಿಮಿಷ ಹೊಗಳಿದೆ. ಕೊನೆಗೆ, "ಈಗ ಇವರ ಜೀವಮಾನದ ಶ್ರೇಷ್ಠ ಎಸೆತವನ್ನು ನೋಡೋಣ" ಎಂದು ದೊಡ್ಡ ಪರದೆಯ ಮೇಲೆ ಆ ವಿಡಿಯೊ ಹಾಕಿಸಿದೆ.

ಚೆಂಡು ಹಾರಿತು. ಅಲ್ಲಿನ ಕೂಗಿಗೆ ನಮ್ಮವರ ಚಪ್ಪಾಳೆ ಸೇರಿ ಸಭಾಂಗಣ ಗಡಗಡ ಎಂದಿತು. ಅಷ್ಟಕ್ಕೇ ಬಿಡುತ್ತಾರೆಯೇ ನಮ್ಮವರು? ಹಿಂದಿನ ಸಾಲಿನಿಂದ ಯಾರೋ "ಒನ್ಸ್ ಮೋರ್!" ಎಂದರು. ಮತ್ತೆ ಹಾಕಿದೆವು. ಪಾಟೀಲರು ಎದ್ದು ನಿಂತು, "ಒನ್ಸ್ ಮೋರ್! ಸಾವಕಾಶ ತೋರಸ್ರಿ, ಕೈ ಹೆಂಗ್ ತಿರುವತಾರ ನೋಡೂಣು!" ಎಂದರು. ಮೂರನೆಯ ಸಲ ನಿಧಾನವಾಗಿ ಹಾಕಿದೆವು. ಚೆಂಡು ಹಿಂದಿದ್ದವನ ಚಾಚಿದ ಕೈಯ ಮೇಲಿಂದ ತೇಲಿ ತೇಲಿ ಹೋಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಪುಷ್ಪಾ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆನಂದಬಾಷ್ಪ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಕರ್ಟಿಸಣ್ಣ ನಿಧಾನವಾಗಿ ಎದ್ದರು. ಪೇಟ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಮೈಕಿನ ಹತ್ತಿರ ಬಂದರು. "ಈ ದೃಶ್ಯವನ್ನು ನಾನು ತುಂಬಾ ಸಲ ನೋಡಿದ್ದೇನೆ. ಚಪ್ಪಾಳೆಯ ಜೊತೆ ನೋಡಿದ್ದು ಇವತ್ತೇ ಮೊದಲು. ಥ್ಯಾಂಕ್ ಯೂ" ಎಂದಷ್ಟೇ ಹೇಳಿ ಕೈಮುಗಿದರು. ನಿಂಬೆ-ಚಮಚದ ಓಟದಲ್ಲಿ ಗೆದ್ದವರಿಗೆಲ್ಲ ಬಹುಮಾನ ಕೊಟ್ಟರು, ಬಿಸಿಬೇಳೆಬಾತ್ ತಿಂದರು.

ಕಾರು ನಿಲ್ಲಿಸಿದ ಜಾಗದಲ್ಲಿ ಪುಷ್ಪಾ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದಳು. "ಅಣ್ಣಾ, ನೀಂಗ ತೆರಿಂಜು ಪಣ್ಣಲೆ, ಐ ನೋ. ಬಟ್ ದಟ್ ಒನ್ ವಾಸ್ ದಿ ಮಿಸ್ಟೇಕ್ ಲಾ. ಹಿಸ್ ಲಾಸ್ಟ್ ಬಾಲ್. ಆಫ್ಟರ್ ದಟ್ ನೋಬಡಿ ಕಾಲ್ಡ್ ಹಿಮ್."

ಗೊತ್ತಿದ್ದು ಮಾಡಿಲ್ಲ ಎಂದು ಅವಳೇ ಹೇಳಿದರೂ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೇರೆಯವರ ಊರಿನ ಕ್ರೀಡಾಂಗಣ ಅದು. ಮಳೆಗೆ ಚೆಂಡು ಜಾರಿತ್ತು. ಅಲ್ಲಿ ಕುಣಿದವರೆಲ್ಲ ಎದುರು ತಂಡದ ಜನ. ಹನ್ನೊಂದು ವರ್ಷ ಯಾರಿಗೂ ಹೆಸರು ಗೊತ್ತಾಗದಂತೆ ಸರಿಯಾಗಿ ಎಸೆದ ಮನುಷ್ಯ ಜಗತ್ತಿಗೆ ಗೊತ್ತಾದದ್ದು ಆ ಅರ್ಧ ನಿಮಿಷಕ್ಕೆ, ಅದನ್ನೇ ನಾನು ಹಾರ ಹಾಕಿ ಕೂರಿಸಿ ಮೂರು ಸಲ ತೋರಿಸಿದೆ. ಆ ಮಳೆಯ ದಿನದ ಮೇಲೆ ಅವರು ಚೆಂಡು ಮುಟ್ಟಿಲ್ಲವಂತೆ. ಅಭ್ಯಾಸದ ಒಂದು ಚೆಂಡು ಮಾತ್ರ ಬೀರುವಿನಲ್ಲಿ ಕಂಬಳಿಗಳ ಕೆಳಗೆ ಇತ್ತಂತೆ.

ಮರುದಿನದಿಂದ ನಾನು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದೆ. ಕ್ಷಮೆ ಕೇಳಬೇಕು ನಿಜ, ಆದರೆ ಏನೆಂದು ಕೇಳುವುದು? ಹನ್ನೊಂದು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದ ನನ್ನನ್ನು ಶೈಲಾ ನಾಲ್ಕು ವಾರ ನೋಡಿದಳು. "ನೀವು ಮೆಟ್ಟಿಲು ಹತ್ತಿ ತೂಕ ಇಳಿಸ್ಕೊಂಡ್ರೆ ಅವರ ನೋವು ಇಳಿಯುತ್ತಾ? ಹೋಗಿ ಮಾತಾಡ್ರೀ" ಎಂದಳು. ನಾಳೆ ಎಂದೆ. ಆಯುಧಪೂಜೆಯ ದಿನದವರೆಗೂ ಆ ನಾಳೆ ಬರಲಿಲ್ಲ.

ಅವತ್ತು ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕರ್ಟಿಸಣ್ಣ. ಕೈಯಲ್ಲಿ ತಪಾವ್ ತರುವ ಕೆಂಪು ಪ್ಲಾಸ್ಟಿಕ್ ಚೀಲ. ಯಾವುದೋ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬಂದಿದ್ದಾರೆ ಎಂದುಕೊಂಡೆ. ಚೀಲದಿಂದ ಚೆಂಡು ಹೊರಗೆ ಬಂತು.

"ಲಿಫ್ಟಿನಲ್ಲಿ ಸಿರಿ ಹೇಳಿದಳು. ನಮಗೆ ಅನ್ನ ಕೊಡುವ ವಸ್ತುಗಳಿಗೆ ನೀವು ಇವತ್ತು ಕೈಮುಗಿಯುತ್ತೀರಂತೆ. ಇದು ನನಗೆ ಹನ್ನೊಂದು ವರ್ಷ ಅನ್ನ ಹಾಕಿತು. ಕೊನೆಯ ದಿನ ನಾನು ಇದನ್ನು ಬೈದೆ. ಆಮೇಲೆ ಮಾತಾಡಿಸಿಲ್ಲ" ಎಂದರು. ಸ್ವಲ್ಪ ತಡೆದು, "ಇದು ಚರ್ಮ. ದೇವರ ಹತ್ತಿರ ಇಡಬಹುದಾ?" ಎಂದು ಶೈಲಾಳ ಮುಖ ನೋಡಿದರು.

"ಮೃದಂಗಕ್ಕೆ ಇಲ್ಲದ ಮಡಿ ಇದಕ್ಯಾಕೆ?" ಎಂದು ನನಗೆ ಹೇಳಿ, ಅವರಿಗೆ "ಕಮ್, ಕಮ್, ಅಣ್ಣಾ" ಎಂದಳು. ಅವರು ಆ ದೊಡ್ಡ ಮೈಯನ್ನು ಮಡಚಿ ನೆಲದ ಮೇಲೆ ಕೂತರು. ಸಿರಿಗೆ ಆಗ ಎಂಟು ವರ್ಷ, ಚೆಂಡಿಗೆ ಕುಂಕುಮ ಇಡುವ ಹಕ್ಕು ತನ್ನದೇ ಎಂದು ಹಟ ಹಿಡಿದು ಇಟ್ಟಳು. ಮಂಗಳಾರತಿ ಆಗುವಾಗ ನಾನು ಅವರನ್ನು ಓರೆಗಣ್ಣಿನಲ್ಲಿ ನೋಡಿದೆ. ಕಣ್ಣು ಮುಚ್ಚಿ, ಶುಂಠಿ ಬೆರಳುಗಳನ್ನು ಹೇಗೋ ಜೋಡಿಸಿಕೊಂಡು ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಕ್ಷಮಿಸಿ, ನನಗೆ ಗೊತ್ತಿರಲಿಲ್ಲ" ಎಂದುಬಿಟ್ಟೆ. ಹೇಳುತ್ತಿದ್ದಂತೆ ಅಳು ಬಂತು, ಸುಳ್ಳೇಕೆ ಹೇಳಲಿ.

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಮೊದಲನೆಯ ಸಲ ಓಡಿಹೋಗೋಣ ಅನ್ನಿಸಿತು. ಎರಡನೆಯ ಸಲ ಜನರ ಮುಖ ನೋಡಿದೆ. ಒಬ್ಬರಾದರೂ ಅಣಕಿಸುತ್ತಿರಲಿಲ್ಲ. ಮೂರನೆಯ ಸಲಕ್ಕೆ ನನಗೇ ಅನುಮಾನ ಬಂತು, ಎಸೆತ ಚೆನ್ನಾಗಿಯೇ ಇತ್ತೇನೋ ಅಂತ." ಅಷ್ಟು ಹೇಳಿ ನಕ್ಕರು. ಕಿಟಕಿಯ ಗಾಜು ಅದುರುವ ನಗು. ಅದನ್ನು ಕೇಳಿ ನಾಲ್ಕು ವಾರ ಆಗಿತ್ತು.

ಮರುದಿನ ವಿಜಯದಶಮಿ. ಪೂಜೆ ಮಾಡಿದ್ದನ್ನು ದಶಮಿಯ ದಿನ ಕೈಯಲ್ಲಿ ಹಿಡಿಯಲೇಬೇಕು, ಇಲ್ಲದಿದ್ದರೆ ಪೂಜೆಗೆ ಅರ್ಥವಿಲ್ಲ ಎಂದು ಶೈಲಾ ಎದುರುಮನೆಗೇ ಹೋಗಿ ಹೇಳಿ ಬಂದಳು. ಬೆಳಿಗ್ಗೆ ಎಲ್ಲರೂ ಕಟ್ಟಡದ ಹಿಂದಿನ ಹುಲ್ಲಿನ ಬಯಲಿಗೆ ಇಳಿದೆವು. ಹಬ್ಬದ ಸಿಹಿ ಕೊಡಲು ಬಂದಿದ್ದ ಪಾಟೀಲರೂ ಸಿಕ್ಕಿಬಿದ್ದರು. ಸಭೆಯ ಕಥೆ ಅವರಿಗೂ ಗೊತ್ತಾಗಿತ್ತು. "ಸಾಲಿಯೊಳಗ ನಾನೂ ಫುಟ್‌ಬಾಲ್ ಆಡೇನ್ರಿ, ನಾ ಒದಿತೀನಿ" ಎಂದು ಇಸ್ತ್ರಿ ಹಾಕಿದ ಜುಬ್ಬಾದ ತೋಳು ಮಡಚಿ ಚಪ್ಪಲಿ ಬಿಟ್ಟರು. ಎರಡು ದೀಪದ ಕಂಬಗಳೇ ಗುರಿ. ಚೆಂಡು ಹಿಡಿದು ನಿಲ್ಲಿಸುವ ಕೆಲಸ ನನ್ನದು, ನಾನು ಮಂಡಿಯೂರಿದೆ.

ಕರ್ಟಿಸಣ್ಣ ಬಗ್ಗಿದರು. ಚೆಂಡಿನ ಮೇಲೆ ಕೈಯಿಟ್ಟರು. ಕಾಲಿನ ನಡುವೆ ಅವರ ಮುಖ ತಲೆಕೆಳಗಾಗಿ ನನಗೆ ಕಾಣುತ್ತಿತ್ತು, ಕೆಂಪಗಾಗಿತ್ತು. ಬಹಳ ಹೊತ್ತು ಹಾಗೇ ಇದ್ದರು. ಪುಷ್ಪಾ ಕಣ್ಣು ಮುಚ್ಚಿಕೊಂಡಿದ್ದಳು. ಬಿಡಿ, ಬೇಡ, ಎದ್ದುಬಿಡಿ ಎಂದು ಹೇಳಲು ನಾನು ಬಾಯಿ ತೆರೆದೆ.

ಚೆಂಡು ಬಂದೇಬಿಟ್ಟಿತು. ಅದು ಬಂದದ್ದು ನಾನು ನೋಡಲಿಲ್ಲ, ಅಂಗೈ ಉರಿದದ್ದರಿಂದ ಗೊತ್ತಾಯಿತು. ಹೇಗೆ ನಿಲ್ಲಿಸಿದೆನೋ ದೇವರೇ ಬಲ್ಲ. ಪಾಟೀಲರು "ಜೈ!" ಎಂದು ಒದ್ದರು. ಕರ್ಟಿಸಣ್ಣ ಮಾತ್ರ ತಲೆ ತಗ್ಗಿಸಿ, ಭುಜ ಬಿಗಿಹಿಡಿದು, ಗುದ್ದಿಗಾಗಿ ಕಾಯುತ್ತಾ ಬಗ್ಗಿಯೇ ಇದ್ದರು. ಎದುರಿಗೆ ಯಾರೂ ಇರಲಿಲ್ಲ, ಅವರ ಮೈಗೆ ಅದು ಗೊತ್ತಿರಲಿಲ್ಲ.

"ಅಂಕಲ್! ಲುಕ್ ಅಪ್, ಲುಕ್ ಅಪ್!" ಎಂದು ಸಿರಿ ಕೂಗಿದಳು.

ಅವರು ತಲೆಯೆತ್ತಿದರು. ಚೆಂಡು ಅವರ ಮೇಲಿಂದಲೇ ದಾಟಿ, ಕುಂಕುಮದ ಬೊಟ್ಟಿನ ಸಮೇತ ತಿರುಗುತ್ತಾ, ಎರಡು ದೀಪದ ಕಂಬಗಳ ನಡುವೆ ಹೋಗಿ ಕಾವಲುಗಾರನ ಗೂಡಿನ ತಗಡಿನ ಮೇಲೆ ಢಬ್ ಎಂದು ಬಿತ್ತು. ನಾವೆಲ್ಲ ಕೂಗಾಡುತ್ತಿದ್ದೆವು. ಅವರು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಪುಷ್ಪಾ ಹತ್ತಿರ ಹೋಗಿ ತಲೆ ಸವರಿದಳು.

"ಇದು ಹೀಗೆ ಕಾಣುತ್ತದಾ" ಎಂದರು.

ಅದಾದ ಎರಡನೆಯ ವರ್ಷ ಅವರು ಅಮೆರಿಕಕ್ಕೆ ವಾಪಸು ಹೋದರು. ತಾವು ಓದಿದ ಊರಿನ ಹೈಸ್ಕೂಲಿಗೆ ತಾವೇ ಪತ್ರ ಬರೆದಿದ್ದರಂತೆ, ಹುಡುಗರಿಗೆ ಹಿಂದಕ್ಕೆ ಎಸೆಯುವುದನ್ನು ಕಲಿಸುತ್ತೇನೆ ಎಂದು. ಬನ್ನಿ ಎಂದು ಕರೆ ಬಂತು. ಹೊರಡುವ ದಿನ ಚೆಂಡನ್ನು ಸಿರಿಯ ಕೈಗೆ ಕೊಟ್ಟು, "ವರ್ಷಕ್ಕೊಮ್ಮೆ ಕುಂಕುಮ, ಮರುದಿನ ಒಂದು ಎಸೆತ. ಎರಡೂ ತಪ್ಪಬಾರದು" ಎಂದರು.

ಕುಂಕುಮ ತಪ್ಪಲಿಲ್ಲ. ಎಸೆತ ಮಾತ್ರ, ಏನು ಹೇಳಲಿ, ಮೊದಲ ವರ್ಷ ಆಫೀಸಿತ್ತು, ಎರಡನೆಯ ವರ್ಷ ಮಳೆ, ಮೂರನೆಯ ವರ್ಷ ನೆಪವೂ ಇರಲಿಲ್ಲ. ಚೆಂಡಿಗೆ ಗೀರು ಬಿದ್ದರೆ, ಚರಂಡಿಗೆ ಹೋದರೆ ಎಂಬ ಭಯ. ಬಗ್ಗಿ ನಿಂತ ನನ್ನ ಹಿಂಭಾಗ ನೋಡಿ ಹನ್ನೆರಡು ಮಹಡಿಯ ಜನ ನಕ್ಕರೆ ಎಂಬ ಭಯ. ಕರ್ಟಿಸಣ್ಣ ಪ್ರತಿ ದಸರೆಗೂ ಕೇಳುತ್ತಿದ್ದರು, ಎಸೆದಿರಾ ಎಂದು. ಎಸೆದೆವು, ಬಹಳ ಚೆನ್ನಾಗಿ ಹೋಯಿತು ಎನ್ನುತ್ತಿದ್ದೆ. ಅವರು ಕಂಬಳಿಯ ಕೆಳಗೆ ಬಚ್ಚಿಟ್ಟಿದ್ದನ್ನು ನಾನು ದೇವರ ಮನೆಯಲ್ಲಿ ಬಚ್ಚಿಟ್ಟಿದ್ದೆ, ಅಷ್ಟೇ.

ಇಂದು ಬೆಳಿಗ್ಗೆ ಸಿರಿ ನನ್ನನ್ನು ಕೈಹಿಡಿದು ಬಯಲಿಗೆ ಎಳೆದುಕೊಂಡು ಹೋದಳು. ಬೆಂಚಿನ ಮೇಲೆ ಫೋನು ನಿಲ್ಲಿಸಿ ವಿಡಿಯೊ ಕಾಲ್ ಹಚ್ಚಿದಳು. ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ, ಕರ್ಟಿಸಣ್ಣ ಊಟದ ಮೇಜಿನಲ್ಲಿದ್ದರು, ಪಕ್ಕದಲ್ಲಿ ಪುಷ್ಪಾ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ನಾನು ಫೋನಿನ ಎದುರು ನಿಂತು, "ಮೂರು ವರ್ಷವೂ ಎಸೆದಿಲ್ಲ. ಸುಳ್ಳು ಹೇಳಿದೆ" ಎಂದೆ.

"ಗೊತ್ತು. ನೀನು ಪ್ರತಿ ಸಲವೂ ಚೆನ್ನಾಗಿ ಹೋಯಿತು ಅಂದೆ. ಯಾರಿಗೂ ಪ್ರತಿ ಸಲ ಚೆನ್ನಾಗಿ ಹೋಗುವುದಿಲ್ಲ. ಬಗ್ಗು" ಎಂದರು.

ಬಗ್ಗಿದೆ. ಬೆನ್ನು ಲಟಲಟ ಎಂದಿತು. ಕಾಲಿನ ನಡುವೆ ಹುಲ್ಲು ಮೇಲಿತ್ತು, ಆಕಾಶ ಕೆಳಗಿತ್ತು, ನನ್ನ ಮಗಳು ತಲೆಕೆಳಗಾಗಿ ಕೈ ಚಾಚಿ ನಿಂತಿದ್ದಳು. ಉಸಿರು ಹಿಡಿದು ಎಸೆದೆ. ಚೆಂಡು ಅವಳ ಚಾಚಿದ ಕೈಯ ಮೇಲಿಂದ, ತಲೆಯ ಮೇಲಿಂದ, ಬೇಲಿಯ ಮೇಲಿಂದ ಹಾರಿ ಚರಂಡಿಗೆ ಬಿತ್ತು. ಆ ವಿಡಿಯೊದಲ್ಲಿದ್ದ ಹಾಗೆಯೇ.

ಸಿರಿ ಬಾಯಿಗೆ ಕೈ ಅಡ್ಡ ಹಿಡಿದಳು. ಫೋನಿನಿಂದ ಸದ್ದೇ ಇಲ್ಲ. ನಾನು ಬಗ್ಗಿದಲ್ಲೇ ಇದ್ದೆ, ತಲೆಯೆತ್ತಲು ಧೈರ್ಯ ಬರಲಿಲ್ಲ.

ಆಮೇಲೆ ಬೆಂಚಿನ ಕಡೆಯಿಂದ ಚಪ್ಪಾಳೆ ಕೇಳಿಸಿತು. ಎರಡು ದೊಡ್ಡ ಕೈಗಳದ್ದು, ನಿಧಾನವಾದದ್ದು, ಅದಕ್ಕೆ ಪುಷ್ಪಾಳದ್ದೂ ಸೇರಿತು. ಅದರ ಮೇಲೆ ಕರ್ಟಿಸಣ್ಣನ ದನಿ, ನಮ್ಮ ಸಭಾಂಗಣದ ಹಿಂದಿನ ಸಾಲಿನವರ ಧಾಟಿಯಲ್ಲೇ:

"ಒನ್ಸ್ ಮೋರ್!"

ನಾನು ಪ್ಯಾಂಟು ಮಡಚಿಕೊಂಡು ಚರಂಡಿಗೆ ಇಳಿದೆ.